ಕುಂಡದ ದುಂಡು ಮಲ್ಲಿಗೆಯಲ್ಲಿ ಮೊಗ್ಗು ಸಣ್ಣ, ಅದೂ ನಾಲ್ಕೈದೇ. ದಪ್ಪ, ಗಟ್ಟಿ ಮೊಗ್ಗಿಗೆ ಏನು ಹಾಕಲಿ?

ಮೂರನೇ ಮಹಡಿ
ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಇದೇ ಚಿಂತೆ ನನಗೆ. ಬೆಂಗಳೂರಿನಲ್ಲಿ ಮೂರನೇ ಮಹಡಿಯ ಫ್ಲ್ಯಾಟ್ ನಮ್ಮದು. ದುಂಡು ಮಲ್ಲಿಗೆಯ ಎರಡು ಗಿಡ ಇವೆ, ಎರಡೂ 12 ಇಂಚಿನ ಕುಂಡದಲ್ಲಿ. ಒಂದು ಪೂರ್ವದ ಬಾಲ್ಕನಿಯಲ್ಲಿದೆ. ಇನ್ನೊಂದು ಹಾಲ್ ಒಳಗೆ, ಕಿಟಕಿಯಿಂದ ನಾಲ್ಕು ಅಡಿ ದೂರ, ದೇವರ ಮನೆ ಪಕ್ಕ.

ಗಿಡ ನೋಡಲು ಚೆನ್ನಾಗಿದೆ. ಅಗಲ ಎಲೆ, ಕಡು ಹಸಿರು, ಬಳ್ಳಿ ಥರ ಉದ್ದಕ್ಕೆ ಹೋಗುತ್ತಿದೆ. ಆದರೆ ಮೊಗ್ಗು? ಬಾಲ್ಕನಿ ಗಿಡದಲ್ಲಿ ವಾರಕ್ಕೆ ನಾಲ್ಕೋ ಐದೋ. ಅದೂ ಜೋಳದ ಕಾಳಿನಷ್ಟು. ಕೆಲವು ಬುಡದಲ್ಲಿ ಊದಿಕೊಂಡು, ನೇರಳೆ ಬಣ್ಣಕ್ಕೆ ತಿರುಗಿ ಉದುರುತ್ತವೆ. ಹಾಲ್‌ನ ಗಿಡ ಇವತ್ತಿನವರೆಗೆ ಒಂದು ಮೊಗ್ಗೂ ಕೊಟ್ಟಿಲ್ಲ.

ಹಾಕುತ್ತಿರುವುದು ಇಷ್ಟು: ವಾರಕ್ಕೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವ ಗೊಬ್ಬರ), ತಿಂಗಳಿಗೊಮ್ಮೆ ಒಂದು ಚಮಚ ಡಿಎಪಿ (ಸಾರಜನಕ, ರಂಜಕ ಇರುವ ಗೊಬ್ಬರ), ಬಾಳೆಸಿಪ್ಪೆ ನೀರು, ಈರುಳ್ಳಿ ಸಿಪ್ಪೆ ನೀರು, ಅದರ ಮೇಲೆ ಎರೆಗೊಬ್ಬರ. ಇನ್ನೇನು ಹಾಕಲಿ ಹೇಳಿ. ನಮ್ಮಮ್ಮ ಊರಿನಲ್ಲಿ ಪಾತ್ರೆ ತೊಳೆದ ನೀರು ಬಿಟ್ಟರೆ ಬೇರೇನೂ ಹಾಕುತ್ತಿರಲಿಲ್ಲ. ದಿನಾ ಒಂದು ಬೊಗಸೆ ಬಿಡಿಸುತ್ತಿದ್ದರು, ದಪ್ಪ ದಪ್ಪ ಮೊಗ್ಗು. ನನಗೂ ಅಂಥದ್ದೇ ಬೇಕು.

ಟೆರೇಸ್ ತೋಟ
ಇನ್ನೇನೂ ಹಾಕಬೇಡಿ! ಹಾಕುವುದನ್ನು ಮೊದಲು ನಿಲ್ಲಿಸಿ.

ಶಂಕರಪುರದ ಸೊಸೆ
ಅದೇ ನಾನೂ ಹೇಳಬೇಕೆಂದಿದ್ದೆ. ಅಷ್ಟು ಸಾರಜನಕ ಕೊಟ್ಟರೆ ಗಿಡ ಎಲೆಯನ್ನೇ ಕೊಡುತ್ತದೆ ಮಾರಾಯ್ರೆ. ಕಡು ಹಸಿರು ಅಗಲ ಎಲೆ, ಉದ್ದ ಕುಡಿ, ಹೂ ಇಲ್ಲ ಅಂದರೆ ಊಟ ಜಾಸ್ತಿ, ಬಿಸಿಲು ಕಮ್ಮಿ ಅಂತ ಅರ್ಥ. ಬಾಲ್ಕನಿಗೆ ನೇರ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ? ಬೆಳಕು ಕೇಳುತ್ತಿಲ್ಲ, ಬಿಸಿಲು ಕೇಳುತ್ತಿದ್ದೇನೆ.

ಮೂರನೇ ಮಹಡಿ
ಬೆಳಗ್ಗೆ 7ರಿಂದ ಒಂಬತ್ತೂವರೆ ತನಕ ಅಕ್ಕ. ಆಮೇಲೆ ಎದುರಿನ ಕಟ್ಟಡದ ನೆರಳು. ಹಾಲ್‌ಗೆ ನೇರ ಬಿಸಿಲು ಇಲ್ಲ. ಆದರೆ ಹಗಲಲ್ಲಿ ಲೈಟ್ ಹಾಕದೆ ಪೇಪರ್ ಓದಬಹುದು, ಅಷ್ಟು ಬೆಳಕಿದೆ.

ಶಂಕರಪುರದ ಸೊಸೆ
ಪೇಪರ್ ಓದುವ ಬೆಳಕು ಬೇರೆ, ಮಲ್ಲಿಗೆಗೆ ಬೇಕಾದ ಬೆಳಕು ಬೇರೆ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕೇ ಬೇಕು. ಎರಡೂವರೆ ಗಂಟೆಯಲ್ಲಿ ನಾಲ್ಕು ಮೊಗ್ಗು ಕೊಟ್ಟಿದೆಯಲ್ಲ, ಪಾಪ, ಅದೇ ದೊಡ್ಡದು.

ಲೆಕ್ಕದ ಮನುಷ್ಯ
ಮೊಬೈಲ್‌ನಲ್ಲಿ ಲಕ್ಸ್, ಅಂದರೆ ಬೆಳಕಿನ ಪ್ರಮಾಣ, ಅಳೆಯುವ ಆ್ಯಪ್ ಹಾಕಿಕೊಂಡು ನೋಡಿ. ತೀರಾ ನಿಖರ ಅಲ್ಲ, ಆದರೆ ಅಂದಾಜು ಸಿಗುತ್ತದೆ. ಮಧ್ಯಾಹ್ನದ ಬಯಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಮನೆ ಒಳಗೆ ಕಿಟಕಿಯಿಂದ ನಾಲ್ಕಡಿ ಬಂದರೆ ಸಾವಿರಕ್ಕೆ ಇಳಿದಿರುತ್ತದೆ. ನಮ್ಮ ಕಣ್ಣಿನ ಪಾಪೆ ಹಿಗ್ಗಿ ಹೊಂದಿಕೊಳ್ಳುವುದರಿಂದ ನಮಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಎಲೆಗೆ ಆ ಅನುಕೂಲ ಇಲ್ಲ.

ಮೂರನೇ ಮಹಡಿ
ಈಗಷ್ಟೇ ನೋಡಿದೆ. ಹಾಲ್ ಗಿಡದ ಹತ್ತಿರ 640. ಬಾಲ್ಕನಿ ನೆರಳಲ್ಲಿ 4,800. ಟೆರೇಸ್‌ಗೆ ಹೋಗಿ ಹಿಡಿದರೆ 96,000! ನಂಬಲಾಗುತ್ತಿಲ್ಲ. ಒಂದು ವರ್ಷ ಆ ಗಿಡವನ್ನು ಕತ್ತಲಲ್ಲಿ ಕೂರಿಸಿ ಗೊಬ್ಬರ ತಿನ್ನಿಸಿದ್ದೇನೆ. ತುಂಬ ಬೇಜಾರಾಯಿತು.

ಟೆರೇಸ್ ತೋಟ
ಬೇಜಾರು ಬೇಡ, ಮಲ್ಲಿಗೆ ಗಟ್ಟಿ ಜೀವ. ಮುಂದಿನ ಪ್ರಶ್ನೆ: ಕತ್ತರಿ ಹಾಕಿದ್ದೀರಾ?

ಮೂರನೇ ಮಹಡಿ
ಇಲ್ಲ. ಅಷ್ಟು ಚೆನ್ನಾಗಿ ಬೆಳೆದದ್ದನ್ನು ಕತ್ತರಿಸಲು ಮನಸ್ಸು ಬರಲಿಲ್ಲ.

ಟೆರೇಸ್ ತೋಟ
ಗಮನಿಸಿ ನೋಡಿ. ದುಂಡು ಮಲ್ಲಿಗೆಗೆ ಮೊಗ್ಗು ಬರುವುದು ಹೊಸ ಕುಡಿಯ ತುದಿಯಲ್ಲಿ. ಸಾಮಾನ್ಯವಾಗಿ ಒಂದು ತುದಿಗೆ ಮೂರು ಮೊಗ್ಗಿನ ಗೊಂಚಲು, ಚೆನ್ನಾಗಿದ್ದರೆ ಇನ್ನೂ ಜಾಸ್ತಿ. ನಿಮ್ಮ ಗಿಡದಲ್ಲಿ ನಾಲ್ಕು ಉದ್ದ ಬಳ್ಳಿ ಇದ್ದರೆ ನಾಲ್ಕೇ ತುದಿ. ಅವನ್ನು ಕತ್ತರಿಸಿದರೆ ಒಂದೊಂದು ಗಿಣ್ಣಿನಿಂದ ಎರಡು ಕುಡಿ ಒಡೆಯುತ್ತದೆ, ಎಂಟು ತುದಿ ಆಯಿತು. ಅವು ನಾಲ್ಕು ಜೊತೆ ಎಲೆ ಬಿಟ್ಟ ಮೇಲೆ ತುದಿ ಚಿವುಟಿ, ಹದಿನಾರು. ಗೊಬ್ಬರದಿಂದ ತುದಿ ಹುಟ್ಟುವುದಿಲ್ಲ, ಕತ್ತರಿಯಿಂದ ಹುಟ್ಟುತ್ತದೆ.

ಹೊಲದಲ್ಲಿ ನವೆಂಬರ್ ಕೊನೆ ವಾರದಲ್ಲಿ ನೆಲದಿಂದ ಸುಮಾರು 50 ಸೆಂಟಿಮೀಟರ್‌ಗೆ ಸವರುತ್ತಾರೆ. ಮಾರ್ಚ್‌ನಿಂದ ಹೂ ಶುರು. ನಿಮಗೆ ತಡವಾಗಿದೆ, ಆದರೆ ಕುಂಡದ ಗಿಡ ತಾನೇ, ಈಗ ಶಿವರಾತ್ರಿ ಹೊತ್ತಿಗೆ ಕತ್ತರಿಸಿದರೂ ಬಿಸಿಲು ಏರುತ್ತಿದ್ದಂತೆ ಚಿಗುರುತ್ತದೆ. ಒಣಕಲು ಕಡ್ಡಿ, ಒಳಕ್ಕೆ ಬೆಳೆದ ಕಡ್ಡಿ ಎಲ್ಲ ತೆಗೆಯಿರಿ. ಉಳಿದದ್ದನ್ನು ಅರ್ಧಕ್ಕೆ ಇಳಿಸಿ. ಎಲೆಯನ್ನೂ ಬಿಡಿಸಿ.

ಹಡಗಲಿ ಹೈದ
ಒಂದು ತಿದ್ದುಪಡಿ. ನವೆಂಬರ್ ಲೆಕ್ಕ ದುಂಡು ಮಲ್ಲಿಗೆಗೆ ಮಾತ್ರ. ನಮ್ಮ ಹಡಗಲಿ ಕಡೆ ಮಲ್ಲಿಗೆ ಬೇರೆ ಜಾತಿ, ಮೊಗ್ಗು ಸಪೂರ. ಅದಕ್ಕೆ ಕತ್ತರಿ ಜನವರಿ ಕೊನೆಗೆ. ಜಾಜಿಗೆ ಡಿಸೆಂಬರ್ ಕೊನೆಗೆ. ಓದುವವರು ಎಲ್ಲ ಮಲ್ಲಿಗೆಗೂ ಒಂದೇ ತಿಂಗಳು ಅಂದುಕೊಳ್ಳಬಾರದು. ಇನ್ನೊಂದು ಮಾತು: ಮೊಗ್ಗು ಸಪೂರ ಇದ್ದ ಮಾತ್ರಕ್ಕೆ ಕಳಪೆ ಅಲ್ಲ. ನಮ್ಮೂರ ಹೂವಿನ ಘಮ ಒಮ್ಮೆ ನೋಡಿ, ಆಮೇಲೆ ಮಾತಾಡೋಣ.

ಶಂಕರಪುರದ ಸೊಸೆ
ಘಮದ ವಿಷಯಕ್ಕೆ ಬಂದರೆ ನಮ್ಮ ಉಡುಪಿ ಮಲ್ಲಿಗೆಯನ್ನು ಮೊದಲು ಮುಡಿದು ನೋಡಿ 🙂

ಹಡಗಲಿ ಹೈದ
ಎರಡಕ್ಕೂ ಜಿಐ ಟ್ಯಾಗ್ (ಊರಿನ ಹೆಸರಿನ ಅಧಿಕೃತ ಗುರುತು) ಇದೆ ಅಕ್ಕ, ಮೈಸೂರು ಮಲ್ಲಿಗೆಗೂ ಇದೆ. ಜಗಳ ಬೇಡ.

ಹೂವಿನ ಬುಟ್ಟಿ
ಮೊಗ್ಗು ಗುಲಾಬಿ ಬಣ್ಣಕ್ಕೆ ತಿರುಗುವುದು ಸಹಜ ಅಲ್ವಾ? ನಮ್ಮ ಮನೆ ಜಾಜಿಯಲ್ಲಿ ಎಲ್ಲ ಮೊಗ್ಗೂ ಹೊರಗೆ ಗುಲಾಬಿಯೇ.

ಸಸ್ಯ ವೈದ್ಯೆ
ಜಾಜಿಗೆ ಸಹಜ. ದುಂಡು ಮಲ್ಲಿಗೆಗೆ ಸಹಜ ಅಲ್ಲ. ಬುಡದಲ್ಲಿ ಊದಿ, ನೇರಳೆಯಾಗಿ, ಅರಳದೆ ಉದುರಿದರೆ ಅದು ಬ್ಲಾಸಮ್ ಮಿಡ್ಜ್, ಅಂದರೆ ಮೊಗ್ಗಿನ ನೊಣ. ತುಂಬ ಸಣ್ಣ ನೊಣ. ಮೊಗ್ಗಿನೊಳಗೆ ಮೊಟ್ಟೆ ಇಡುತ್ತದೆ. ಒಂದು ಮೊಗ್ಗನ್ನು ಬಿಳಿ ಹಾಳೆಯ ಮೇಲೆ ಬಿಡಿಸಿ ನೋಡಿ, ಸಣ್ಣ ಹುಳು ಕಾಣಬಹುದು. ಮೊಗ್ಗಿಗೆ ತೂತು ಇದ್ದು ಒಳಗೆ ತಿಂದು ಹಾಕಿದ್ದರೆ ಅದು ಮೊಗ್ಗು ಕೊರಕ, ಬೇರೆ ಹುಳು.

ಈ ನೊಣದ ಹುಳು ಮಣ್ಣಿಗೆ ಬಿದ್ದು ಅಲ್ಲೇ ಕೋಶ ಕಟ್ಟುತ್ತದೆ. ಅದಕ್ಕೇ ಉದುರಿದ ಮೊಗ್ಗು ಕುಂಡದಲ್ಲಿ ಒಂದೂ ಉಳಿಯಬಾರದು. ಎಲ್ಲ ಆರಿಸಿ, ಕವರ್‌ಗೆ ಹಾಕಿ, ಗಂಟು ಕಟ್ಟಿ ಹೊರಗೆ ಕೊಡಿ. ಗೊಬ್ಬರದ ಬುಟ್ಟಿಗೆ ಹಾಕಬೇಡಿ. ಮೇಲಿನ ಮಣ್ಣು ಕೆದಕಿ ಒಂದು ಮುಷ್ಟಿ ಬೇವಿನ ಹಿಂಡಿ ಬೆರೆಸಿ. ಸಂಜೆ ಹೊತ್ತು ಲೀಟರ್‌ಗೆ 3ರಿಂದ 5 ಎಂಎಲ್ ಬೇವಿನೆಣ್ಣೆ, ಎರಡು ಹನಿ ಸೋಪು ಹಾಕಿ ಸಿಂಪಡಿಸಿ. ನೀವು ಮುಡಿಯುವ ಹೂ, ದೇವರಿಗೆ ಏರಿಸುವ ಹೂ. ಮನೆಯಲ್ಲಿ ಕಡು ವಿಷ ಹೊಡೆಯುವುದು ಬೇಡ.

ಮೂರನೇ ಮಹಡಿ
ಬಿಡಿಸಿ ನೋಡಿದೆ ಮೇಡಂ. ಹುಳು ಇದೆ. ಸಣ್ಣ, ಬಿಳಿ. ಇಷ್ಟು ದಿನ ಉದುರಿದ ಮೊಗ್ಗನ್ನು ಗೊಬ್ಬರ ಆಗಲಿ ಅಂತ ಅದೇ ಕುಂಡದಲ್ಲಿ ಬಿಡುತ್ತಿದ್ದೆ.

ಗೊಬ್ಬರದಂಗಡಿ ಪಕ್ಕ
ಎಲ್ಲ ಸರಿ. ಆದರೆ ಮೊಗ್ಗು ದಪ್ಪ ಆಗಲು 0:52:34 ಬೇಕು ಸರ್, ಸಾರಜನಕ ಇಲ್ಲದ, ರಂಜಕ ಜಾಸ್ತಿ ಇರುವ ಗೊಬ್ಬರ. ಹೂವಿಗೆ ರಂಜಕ ಬೇಕು. ವಾರಕ್ಕೆ ಎರಡು ಸಲ ಕೊಡಿ, ಹತ್ತೇ ದಿನದಲ್ಲಿ ನೋಡಿ.

ಸಸ್ಯ ವೈದ್ಯೆ
ದಯವಿಟ್ಟು ಬೇಡ. ಈಗಾಗಲೇ ಡಿಎಪಿ ಹಾಕಿ ಹಾಕಿ ಆ 12 ಇಂಚಿನ ಮಣ್ಣಲ್ಲಿ ರಂಜಕ ತುಂಬಿರುತ್ತದೆ. ಅದು ಅತಿಯಾದರೆ ಕಬ್ಬಿಣ, ಸತು ಬೇರಿಗೆ ಸಿಗದಂತೆ ಕಟ್ಟಿಹಾಕುತ್ತದೆ. ಹೂವಿಗೆ ರಂಜಕ ಬೇಕು ನಿಜ, ಬೇಕಾದಷ್ಟು ಇದ್ದ ಮೇಲೆ ಇನ್ನಷ್ಟು ಸುರಿದರೆ ಇನ್ನಷ್ಟು ಹೂ ಬರುವುದಿಲ್ಲ.

ಚಿಕ್ಕಬಳ್ಳಾಪುರ ರೈತ
ನಾವು 0:52:34 ಬಳಸುತ್ತೇವೆ ಮೇಡಂ, ಸುಮ್ನೆ ಬೈಯಬೇಡಿ. ಮಣ್ಣು ಪರೀಕ್ಷೆ ಮಾಡಿಸಿ, ಮೊಗ್ಗು ಕಟ್ಟುವ ಹೊತ್ತಿಗೆ ಲೀಟರ್‌ಗೆ 3 ಗ್ರಾಂ ಎಲೆಗೆ ಸಿಂಪಡಣೆ. ಬೆಳೆ ಚೆನ್ನಾಗೇ ಬರುತ್ತದೆ.

ಸಸ್ಯ ವೈದ್ಯೆ
ಮಣ್ಣು ಪರೀಕ್ಷೆ ಮಾಡಿಸಿ ಅಂದಿರಲ್ಲ ಅಣ್ಣ, ನನ್ನ ಮಾತೂ ಅದೇ. ನಿಮ್ಮದು ಹೊಲ, ಇವರದು ಬಕೆಟ್‌ನಷ್ಟು ಮಣ್ಣು. ಹೊಲದ ಲೆಕ್ಕ ವರ್ಷಕ್ಕೆ ಗಿಡಕ್ಕೆ 60 ಗ್ರಾಂ ಸಾರಜನಕ, 120 ರಂಜಕ, 120 ಪೊಟ್ಯಾಷ್, ಅದೂ ಎರಡು ಕಂತಿನಲ್ಲಿ. ಅದನ್ನು ಓದಿ ಕುಂಡಕ್ಕೆ ಸುರಿದು ಬೇರು ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ.

ಚಿಕ್ಕಬಳ್ಳಾಪುರ ರೈತ
ಕುಂಡಕ್ಕೆ ಸುರಿಯಿರಿ ಅಂತ ನಾನೂ ಹೇಳಲ್ಲ. ಒಪ್ಪಿದೆ.

ಕಾವೇರಿ ಇಲ್ಲದ ಬಡಾವಣೆ
ನೀರು ಯಾವುದು ಅಂತ ಯಾರೂ ಕೇಳಲೇ ಇಲ್ಲ! ಬೋರ್‌ವೆಲ್ ನೀರಾ? ಕುಂಡದ ಅಂಚಲ್ಲಿ ಬಿಳಿ ಪುಡಿ ಕಟ್ಟಿದೆಯಾ? ನಮ್ಮಲ್ಲಿ ಬೋರ್ ನೀರು ಗಡಸು. ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಗೊಬ್ಬರ ಕಮ್ಮಿಯಾಯಿತು ಅಂತ ಇನ್ನೂ ಹಾಕಿದೆ, ಇನ್ನೂ ಹಳದಿ. ಕೊನೆಗೆ ಮಳೆ ನೀರು ಹಿಡಿದು ಹಾಕಿದ ಮೇಲೆ ಸರಿಯಾಯಿತು.

ಸಸ್ಯ ವೈದ್ಯೆ
ಒಳ್ಳೆಯ ಪ್ರಶ್ನೆ. ಹೊಸ ಎಲೆ ಹಳದಿಯಾಗಿ ನರ ಹಸಿರಿದ್ದರೆ ಕಬ್ಬಿಣದ ಕೊರತೆ. ಲೀಟರ್‌ಗೆ 5 ಗ್ರಾಂ ಫೆರಸ್ ಸಲ್ಫೇಟ್ ಎಲೆಗೆ ಸಿಂಪಡಿಸಬಹುದು, ತಿಂಗಳಿಗೊಮ್ಮೆ. ಕೆಳಗಿನ ಹಳೆ ಎಲೆ ಹಾಗಾದರೆ ಮೆಗ್ನೀಸಿಯಂ. ಅದಕ್ಕೆ ಎಪ್ಸಮ್ ಉಪ್ಪು, ಅದೂ ಲೀಟರ್‌ಗೆ 5 ಗ್ರಾಂ. ಯಾವ ಎಲೆ ಅನ್ನುವುದು ಮುಖ್ಯ, ಬರೀ ಹಳದಿ ಅಂದರೆ ಏನೂ ಗೊತ್ತಾಗುವುದಿಲ್ಲ.

ಮೂರನೇ ಮಹಡಿ
ಬೋರ್ ನೀರೇ. ಬಿಳಿ ಪುಡಿ ದಂಡಿಯಾಗಿದೆ. ನಾನು ಅದು ಬೂಷ್ಟು ಅಂದುಕೊಂಡಿದ್ದೆ.

ಟೆರೇಸ್ ತೋಟ
ಅದು ಉಪ್ಪು. ನೀರಿನದೂ ಇದೆ, ನಿಮ್ಮ ಗೊಬ್ಬರದ್ದೂ ಇದೆ. ಕುಂಡವನ್ನು ಬಚ್ಚಲಿಗೆ ಒಯ್ದು, ಒಳ್ಳೆ ನೀರು ಸಿಕ್ಕ ದಿನ ಮೂರ್ನಾಲ್ಕು ಬಕೆಟ್ ನಿಧಾನಕ್ಕೆ ಹಾಯಿಸಿ. ಕೆಳಗಿನ ತೂತಿನಿಂದ ಎಲ್ಲ ಹರಿದು ಹೋಗಲಿ. ಆಮೇಲೆ ಮೂರು ವಾರ ಬರೀ ನೀರು.

ಎರಡನೇ ಮಹಡಿಯವರು
ಬಾಲ್ಕನಿಯಲ್ಲಿ ಮಾತ್ರ ಹಾಯಿಸಬೇಡಿ. ಕೆಳಗಿನ ಮನೆಯವರ ಬಟ್ಟೆಗೆ ಬೀಳುತ್ತದೆ. ನಮ್ಮ ಮೇಲಿನವರು ದಿನಾ ಇದೇ ಮಾಡುತ್ತಾರೆ. ಕುಂಡದ ಕೆಳಗೆ ತಟ್ಟೆ ಇಡಿ ಅಂತ ಎಷ್ಟು ಸಲ ಹೇಳುವುದು?

ಟೆರೇಸ್ ತೋಟ
ಬಚ್ಚಲು ಅಂತಲೇ ಬರೆದಿದ್ದೇನೆ ನೋಡಿ.

ಮೇಪಲ್ ಎಲೆ
ಟೊರಾಂಟೊದಿಂದ ಬರೆಯುತ್ತಿದ್ದೇನೆ. ಮನೆ ಒಳಗೆ ಮಲ್ಲಿಗೆ ಅಂದರೆ ನಮಗೆ ಬೇರೆ ದಾರಿಯೇ ಇಲ್ಲ, ವರ್ಷದಲ್ಲಿ ಏಳು ತಿಂಗಳು ಒಳಗೇ. ನಾನು ಕಲಿತದ್ದು ಬರೆಯುತ್ತೇನೆ, ಹಾಲ್ ಗಿಡಕ್ಕೆ ಉಪಯೋಗ ಆಗಬಹುದು.

ಮೊದಲ ಎರಡು ವರ್ಷ ಅಂಗಡಿಯಲ್ಲಿ ಸಿಕ್ಕ ಪಿಂಕ್ ಜಾಸ್ಮಿನ್ ಸಾಕಿದೆ. ಒಂದೂ ಮೊಗ್ಗಿಲ್ಲ. ಆಮೇಲೆ ಗೊತ್ತಾಯಿತು, ಅದು ನಮ್ಮ ಮಲ್ಲಿಗೆ ಅಲ್ಲವೇ ಅಲ್ಲ. ಅದಕ್ಕೆ ಮೊಗ್ಗು ಕಟ್ಟಲು ತಣ್ಣನೆ ರಾತ್ರಿ ಬೇಕು. ನಾನು ಬೆಚ್ಚನೆ ಮನೆಯಲ್ಲಿ ಇಟ್ಟಿದ್ದೆ. ದುಂಡು ಮಲ್ಲಿಗೆ ಅದಕ್ಕೆ ತದ್ವಿರುದ್ಧ, ಅದಕ್ಕೆ ಬಿಸಿ ಬೇಕು. ಇಲ್ಲಿನ ಸ್ನೇಹಿತೆ ಒಬ್ಬರು ಕಡ್ಡಿ ಕೊಟ್ಟರು, ಈಗ ನಾಲ್ಕು ಗಿಡ.

ಬಿಳಿ ಬೆಳಕಿನ ಫುಲ್ ಸ್ಪೆಕ್ಟ್ರಮ್ ಎಲ್‌ಇಡಿ ತೂಗು ಹಾಕಿದ್ದೇನೆ, ಗಿಡದ ತಲೆಯಿಂದ ಒಂದಡಿ ಮೇಲೆ. ಟೈಮರ್ ಇದೆ, ದಿನಕ್ಕೆ 14 ಗಂಟೆ. ಎತ್ತರ ಬಹಳ ಮುಖ್ಯ. ದೀಪವನ್ನು ಎರಡು ಪಟ್ಟು ದೂರ ಒಯ್ದರೆ ಬೆಳಕು ಅರ್ಧ ಆಗುವುದಿಲ್ಲ, ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ತೀರಾ ಹತ್ತಿರ ತಂದರೆ ತುದಿ ಎಲೆ ಬಿಳಿಚುತ್ತದೆ. ಆಗ ಒಂದೆರಡು ಇಂಚು ಎತ್ತಿದರೆ ಸರಿ. ಮನೆಗೆ ಹಾಕುವ 9 ವ್ಯಾಟ್ ಬಲ್ಬ್‌ನಿಂದ ಏನೂ ಆಗುವುದಿಲ್ಲ, ಪ್ರಯತ್ನಿಸಿ ನೋಡಿದ್ದೇನೆ.

ಹೀಟರ್‌ನಿಂದ ಗಾಳಿ ಒಣಗುತ್ತದೆ. ಒಣ ಗಾಳಿಗೆ ಕೆಂಪು ನುಸಿ ಬರುತ್ತದೆ, ಎಲೆ ಕೆಳಗೆ ಸಣ್ಣ ಬಲೆ ಕಟ್ಟುತ್ತದೆ. ವಾರಕ್ಕೊಮ್ಮೆ ಎಲೆಗಳ ಅಡಿಭಾಗವನ್ನು ಶವರ್‌ನಲ್ಲಿ ತೊಳೆಯುತ್ತೇನೆ. ಸಣ್ಣ ಫ್ಯಾನ್ ಒಂದು ಮೆಲ್ಲಗೆ ತಿರುಗುತ್ತಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಗೊಬ್ಬರ ಕೊಡುವುದೇ ಇಲ್ಲ. ಮೇ ತಿಂಗಳ ವಿಕ್ಟೋರಿಯಾ ಡೇ ಕಳೆದ ಮೇಲೆ ಹೊರಗೆ ಇಡುತ್ತೇನೆ. ಮೊದಲ ವಾರ ನೆರಳಲ್ಲಿ, ಆಮೇಲೆ ಬಿಸಿಲಿಗೆ. ಒಮ್ಮೆಲೇ ಬಿಸಿಲಿಗೆ ಇಟ್ಟು ಎಲ್ಲ ಎಲೆ ಸುಟ್ಟುಕೊಂಡ ವರ್ಷವೂ ಇದೆ.

ಜೂನ್ ಕೊನೆಗೆ ಮೊದಲ ಮೊಗ್ಗು. ಆ ದಿನ ಊರಿಗೆ ಫೋನ್ ಮಾಡದೆ ಇರಲು ನನ್ನಿಂದ ಆಗುವುದಿಲ್ಲ.

ಹೂವಿನ ಬುಟ್ಟಿ
ಕೊನೆ ಸಾಲು ಓದಿ ಕಣ್ಣು ತುಂಬಿತು.

ಲೆಕ್ಕದ ಮನುಷ್ಯ
ಮೇಪಲ್ ಅವರೇ, ರಾತ್ರಿ 12 ಗಂಟೆ ಪೂರ್ತಿ ಕತ್ತಲು ಕೊಟ್ಟರೆ ಮೊಗ್ಗು ಜಾಸ್ತಿ ಅಂತ ಎಲ್ಲೋ ಓದಿದ್ದೆ. ನಿಮ್ಮದು 14 ಗಂಟೆ ಬೆಳಕು. ಯಾವುದು ಸರಿ?

ಚಿಕ್ಕಬಳ್ಳಾಪುರ ರೈತ
ಅದು ಸೇವಂತಿಗೆ ಲೆಕ್ಕ ಸರ್. ಸೇವಂತಿಗೆಗೆ ಉದ್ದ ರಾತ್ರಿ ಸಿಕ್ಕರೆ ಮಾತ್ರ ಮೊಗ್ಗು. ಪಾಲಿಹೌಸ್‌ನಲ್ಲಿ ಗಿಡ ಎತ್ತರ ಬರುವ ತನಕ ರಾತ್ರಿ ಬಲ್ಬ್ ಉರಿಸಿ ಮೊಗ್ಗು ತಡೆಯುತ್ತೇವೆ, ಆಮೇಲೆ ಕತ್ತಲು ಕೊಡುತ್ತೇವೆ. ರಾತ್ರಿ ಹೆದ್ದಾರಿಯಲ್ಲಿ ಹೋಗುವಾಗ ಹೊಲದಲ್ಲಿ ಸಾಲು ದೀಪ ನೋಡಿರಬಹುದು, ಅದೇ. ದುಂಡು ಮಲ್ಲಿಗೆಗೆ ಆ ಕತ್ತಲ ಲೆಕ್ಕ ಬೇಡ. ಬಿಸಿಲು ಮತ್ತು ಸೆಕೆ ಇದ್ದರೆ ಸಾಕು.

ಲೆಕ್ಕದ ಮನುಷ್ಯ
ಓಹ್! ಆ ದೀಪ ಕಳ್ಳರ ಭಯಕ್ಕೆ ಅಂತ ತಿಳಿದಿದ್ದೆ. ಥ್ಯಾಂಕ್ಸ್ ಅಣ್ಣ.

ಮೂರನೇ ಮಹಡಿ
ಇನ್ನೊಂದು ಸಂಶಯ. ನರ್ಸರಿಯವರು ಇದನ್ನು ಏಳು ಸುತ್ತಿನ ಮಲ್ಲಿಗೆ ಅಂತ ಕೊಟ್ಟಿದ್ದರು, ದುಡ್ಡೂ ಎರಡು ಪಟ್ಟು. ಆದರೆ ಅರಳಿದಾಗ ದಳ ಒಂದೇ ಸುತ್ತು, ಬೆಳ್ಳಗೆ ನಕ್ಷತ್ರದ ಹಾಗೆ. ಗೊಬ್ಬರ ಸಾಲದೆ ಹೀಗಾಯಿತಾ?

ಶಂಕರಪುರದ ಸೊಸೆ
ಇಲ್ಲ. ಸುತ್ತು ತಳಿಯಿಂದ ಬರುತ್ತದೆ, ಗೊಬ್ಬರದಿಂದಲ್ಲ. ಏಳು ಸುತ್ತಿನದು ಬೇರೆಯೇ ತಳಿ. ಮೊಗ್ಗು ಗುಂಡಗೆ, ಅರಳಿದರೆ ಪುಟ್ಟ ಗುಲಾಬಿಯ ಹಾಗೆ. ಗಿಡ ಬೆಳೆಯುವುದು ನಿಧಾನ, ಹೂವೂ ಕಮ್ಮಿ. ನಿಮಗೆ ತಪ್ಪು ಗಿಡ ಕೊಟ್ಟಿದ್ದಾರೆ. ಆದರೆ ಬೇಸರ ಬೇಡ, ಮಾಲೆಗೆ ಒಂದು ಸುತ್ತಿನದೇ ಚೆನ್ನ. ದಿನಾ ಕೊಯ್ಯಲು ಸಿಗುವುದು ಅದರಲ್ಲೇ.

ಈಗ ಊಟದ ವಿಷಯ ಹೇಳುತ್ತೇನೆ, ನಮ್ಮ ಅತ್ತೆ ಮಾಡುವ ಹಾಗೆ. ನೆಲಗಡಲೆ ಹಿಂಡಿ 100 ಗ್ರಾಂ, ಒಂದು ಲೀಟರ್ ನೀರಲ್ಲಿ ಮೂರು ದಿನ ನೆನೆಸಿ. ಅದಕ್ಕೆ ಹತ್ತು ಪಟ್ಟು ನೀರು ಸೇರಿಸಿ. ಹದಿನೈದು ದಿನಕ್ಕೊಮ್ಮೆ ಕುಂಡಕ್ಕೆ ಒಂದು ಚೊಂಬು, ಅಷ್ಟೇ. ಬೇವಿನ ಹಿಂಡಿ ತಿಂಗಳಿಗೆ ಒಂದು ಮುಷ್ಟಿ. ಒಲೆ ಬೂದಿ ಸಿಕ್ಕರೆ ಒಂದು ಚಮಚ, ಅದರಲ್ಲಿ ಪೊಟ್ಯಾಷ್ ಇದೆ. ಆದರೆ ನಿಮ್ಮದು ಗಡಸು ನೀರು, ಹಾಗಾಗಿ ನಿಮಗೆ ಬೂದಿ ಬೇಡ. ಅದು ಮಣ್ಣನ್ನು ಇನ್ನೂ ಕ್ಷಾರ ಮಾಡುತ್ತದೆ. ಬಾಳೆಸಿಪ್ಪೆ ನೀರಿನಲ್ಲಿ ಹೆಚ್ಚೇನಿಲ್ಲ. ಸಿಪ್ಪೆಯನ್ನು ಗೊಬ್ಬರದ ಬುಟ್ಟಿಗೆ ಹಾಕುವುದೇ ಮೇಲು.

ಅಪಾರ್ಟ್‌ಮೆಂಟ್ ವಾಸಿ
ಹಿಂಡಿ ನೆನೆಸಿದರೆ ವಾಸನೆ! ನಮ್ಮ ಅಸೋಸಿಯೇಷನ್‌ಗೆ ದೂರು ಹೋಗಿತ್ತು. ಮುಚ್ಚಳ ಬಿಗಿ ಮಾಡಿ, ಒಂದು ತುಂಡು ಬೆಲ್ಲ ಹಾಕಿ, ಸ್ವಲ್ಪ ಕಮ್ಮಿ ಆಗುತ್ತದೆ. ಇನ್ನೊಂದು: ಏಸಿಯ ಹೊರಗಿನ ಪೆಟ್ಟಿಗೆ ಮುಂದೆ ಗಿಡ ಇಡಬೇಡಿ. ಆ ಬಿಸಿ ಗಾಳಿಗೆ ನಮ್ಮ ಮೊಗ್ಗೆಲ್ಲ ಕಂದು ಬಣ್ಣಕ್ಕೆ ತಿರುಗಿ ಸುಕ್ಕಾಗಿತ್ತು.

ಗೊಬ್ಬರದಂಗಡಿ ಪಕ್ಕ
ಎಂಟು ದಿನ ನೀರು ನಿಲ್ಲಿಸಿ ಗಿಡ ಬಾಡಿಸಿದರೆ ಮೊಗ್ಗು ಒಡೆಯುತ್ತದೆ ಅಂತಾರಲ್ಲ, ಅದಾದರೂ ನಿಜ ತಾನೇ?

ಶಂಕರಪುರದ ಸೊಸೆ
ನೆಲದ ಗಿಡಕ್ಕೆ ಬೇರು ಆಳದಲ್ಲಿರುತ್ತದೆ, ತಡೆಯುತ್ತದೆ. ಏಪ್ರಿಲ್ ಬಿಸಿಲಲ್ಲಿ ಕುಂಡದ ಗಿಡಕ್ಕೆ ಎಂಟು ದಿನ ನೀರಿಲ್ಲ ಅಂದರೆ ಸತ್ತೇ ಹೋಗುತ್ತದೆ. ಮಣ್ಣಿಗೆ ಬೆರಳು ಹಾಕಿ ನೋಡಿ, ಮೇಲಿನ ಒಂದು ಇಂಚು ಒಣಗಿದ ಮೇಲೆ ನೀರು ಹಾಕಿ.

ಮೂರನೇ ಮಹಡಿ (ಹತ್ತು ವಾರದ ನಂತರ)
ಎಲ್ಲರಿಗೂ ವರದಿ ಕೊಡಲೇಬೇಕು ಅಂತ ಬಂದೆ.

ಅಸೋಸಿಯೇಷನ್‌ನವರನ್ನು ಕೇಳಿಕೊಂಡು ಬಾಲ್ಕನಿ ಗಿಡವನ್ನು ಟೆರೇಸ್‌ಗೆ ಒಯ್ದೆ. ಈಗ ಆರೂವರೆ ಗಂಟೆ ಬಿಸಿಲು. ಹಾಲ್‌ನ ಗಿಡ ಬಾಲ್ಕನಿಗೆ ಬಂತು, ಜೊತೆಗೆ 50 ವ್ಯಾಟ್‌ನ ಎಲ್‌ಇಡಿ, ಬಿಸಿಲು ಹೋದ ಮೇಲೆ ಹತ್ತು ಗಂಟೆ ಉರಿಯುತ್ತದೆ. ಎರಡನ್ನೂ ಬಚ್ಚಲಲ್ಲಿ ತೊಳೆದು, ಅರ್ಧಕ್ಕೆ ಕತ್ತರಿಸಿದೆ. ಕತ್ತರಿಸುವಾಗ ಕೈ ನಡುಗಿತು ನಿಜ. ಹದಿನೆಂಟನೇ ದಿನ ಎಲ್ಲ ಗಿಣ್ಣಲ್ಲೂ ಕೆಂಪು-ಹಸಿರು ಚಿಗುರು. ಒಮ್ಮೆ ತುದಿ ಚಿವುಟಿದೆ. 19:19:19, ಡಿಎಪಿ ಡಬ್ಬಿ ಪಕ್ಕದ ಮನೆಯವರಿಗೆ ಕೊಟ್ಟೆ. ಹಿಂಡಿ ನೀರು ನಾಲ್ಕು ಸಲ ಮಾತ್ರ. ನೇರಳೆ ಮೊಗ್ಗು ಮೊದಲು ಒಂದು ಹತ್ತು ಸಿಕ್ಕಿತು, ಎಲ್ಲ ಆರಿಸಿ ಹಾಕಿದೆ, ಈಗ ಇಲ್ಲ.

ಇವತ್ತು ಬೆಳಗ್ಗೆ ಟೆರೇಸ್ ಗಿಡದಲ್ಲಿ 37 ಮೊಗ್ಗು. ಕಡಲೆ ಕಾಳಿಗಿಂತ ದಪ್ಪ, ಒತ್ತಿದರೆ ಗಟ್ಟಿ. ಎಲ್‌ಇಡಿ ಗಿಡದಲ್ಲಿ 9. ಅಮ್ಮನಿಗೆ ವಿಡಿಯೊ ಕರೆ ಮಾಡಿ ಒಂದೊಂದೇ ಎಣಿಸಿ ತೋರಿಸಿದೆ. "ನಾನೂ ಪ್ರತಿ ವರ್ಷ ಕತ್ತರಿಸುತ್ತಿದ್ದೆ ಕಣೋ, ನೀನು ಸ್ಕೂಲಿಗೆ ಹೋಗಿರುತ್ತಿದ್ದೆ" ಅಂದರು.

ಟೆರೇಸ್ ತೋಟ
37! ತುಂಬ ಖುಷಿಯಾಯಿತು. ಈ ಹೂ ಮುಗಿದ ಮೇಲೆ ಪ್ರತಿ ತುದಿಯನ್ನು ಎರಡು ಜೊತೆ ಎಲೆ ಕೆಳಗೆ ಕತ್ತರಿಸಿ, ಮತ್ತೆ ಬರುತ್ತದೆ.

ಮೇಪಲ್ ಎಲೆ
9 ಕಮ್ಮಿ ಅಲ್ಲ ಸರ್. ಒಂದು ವರ್ಷ 640 ಲಕ್ಸ್‌ನಲ್ಲಿದ್ದ ಗಿಡ ಅದು. ಮುಂದಿನ ಸಲ ನೋಡಿ.

ಮೂರನೇ ಮಹಡಿ
ಈಗ ಹೊಸ ಕಷ್ಟ. ಕಟ್ಟಲು ಬರುವುದಿಲ್ಲ. ದಾರದಲ್ಲಿ ಕಟ್ಟಿದೆ, ತೊಟ್ಟು ತುಂಡಾಯಿತು.

ಶಂಕರಪುರದ ಸೊಸೆ
ದಾರ ಬೇಡ. ಒಣ ಬಾಳೆ ನಾರು ತಂದು ಹತ್ತು ನಿಮಿಷ ನೀರಲ್ಲಿ ನೆನೆಸಿ, ಸಪೂರ ಸೀಳಿಕೊಳ್ಳಿ. ತೊಟ್ಟು ಕತ್ತರಿಸುವುದಿಲ್ಲ, ಹೂ ತಂಪಾಗಿಯೂ ಇರುತ್ತದೆ. ಬಿಡಿಸುವುದು ಬೆಳಗ್ಗೆ ಬೇಗ, ಮೊಗ್ಗು ಬೆಳ್ಳಗೆ ತುಂಬಿ ಇನ್ನೂ ಬಿರಿಯದೆ ಇರುವಾಗ. ನಮ್ಮಲ್ಲಿ 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅತ್ತೆ ಮಾತಾಡುತ್ತಲೇ ಚೆಂಡು ಮುಗಿಸುತ್ತಾರೆ. ನೀವು 37ರಿಂದ ಶುರು ಮಾಡಿ. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ನಾರನ್ನು ಒಂದು ಸುತ್ತು ತಂದು ಬಿಗಿ ಮಾಡಿ. ಸಂಜೆ ವಿಡಿಯೊ ಮಾಡಿ ಹಾಕುತ್ತೇನೆ.

ಮೂರನೇ ಮಹಡಿ
ಕಾಯುತ್ತಿರುತ್ತೇನೆ ಅಕ್ಕ. ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ.